ಆರು ವರ್ಷದ ಮೇಲೆ ಲಂಡನ್‌ಗೆ ವಾಪಸ್, ಭತ್ಯೆ ಸಿಗುತ್ತಾ?

ಪ್ರಶ್ನೆ: ನನ್ನದು ಬ್ರಿಟಿಷ್ ಪಾಸ್‌ಪೋರ್ಟ್. ಅಮ್ಮನನ್ನು ನೋಡಿಕೊಳ್ಳಲು ಆರು ವರ್ಷ ಬೆಂಗಳೂರಿನಲ್ಲಿದ್ದೆ, ಹೋದ ವಾರ ವಾಪಸ್ ಬಂದೆ. ಕೆಲಸ ಇಲ್ಲ, ಬಾಡಿಗೆ ಕಟ್ಟಬೇಕು. ಏನಾದ್ರೂ ನೆರವು ಸಿಗುತ್ತಾ?

ಉತ್ತರ 1: ಪಾಸ್‌ಪೋರ್ಟ್ ಇದೆ ಅಂತ ಸುಮ್ನೆ ಕೂರಬೇಡಿ. ಇಲ್ಲೇ ನೆಲೆಸಲು ಬಂದಿದ್ದೀರಿ ಅಂತ ತೋರಿಸಬೇಕು, ಅದೇ ಹ್ಯಾಬಿಚುಯಲ್ ರೆಸಿಡೆನ್ಸ್ ಟೆಸ್ಟ್. ನಾನು ಒನ್‌ವೇ ಟಿಕೆಟ್, ಬಾಡಿಗೆ ಕರಾರು, ಕೆಲಸಕ್ಕೆ ಹಾಕಿದ ಅರ್ಜಿಗಳು, ಜಯನಗರದ ಮನೆ ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ಪಡೆದ ಚೀಟಿ ಎಲ್ಲಾ ಕೊಟ್ಟೆ. ಕನ್ನಡದ ಚೀಟಿ ನೋಡಿ ಭತ್ಯೆ ಕಚೇರಿಯ ಅಧಿಕಾರಿ ನಕ್ಕರು, ಆದರೂ ಕಾಪಿ ತೆಗೆದುಕೊಂಡರು.

ಉತ್ತರ 2: ಬಾಡಿಗೆ ನೆರವು ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಭತ್ಯೆ) ಒಳಗೇ ಬರುತ್ತದೆ. ಮೊದಲ ಹಣಕ್ಕೆ ಸುಮಾರು 5 ವಾರ. ಮುಂಗಡ ಕೇಳಬಹುದು, ಆದರೆ ಅದು ಸಾಲ. ಉಳಿತಾಯ 16,000 ಪೌಂಡ್ ದಾಟಿದರೆ ಇಲ್ಲ, ಭಾರತದಲ್ಲಿರುವ ಎಫ್‌ಡಿಯೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು: ಎಫ್‌ಡಿನಾ! ಅಷ್ಟೊಂದೇನಿಲ್ಲ ಬಿಡಿ. ಇವತ್ತೇ ಅರ್ಜಿ ಹಾಕುತ್ತೇನೆ.