ಎರಡು ಉತ್ತರಗಳಿಗೆ ನಂಟಿದೆಯೇ? ಕೈ-ವರ್ಗ ಪರೀಕ್ಷೆಯ ಕುರಿತು ಪ್ರಶ್ನೋತ್ತರ

ಸ್ನಾತಕೋತ್ತರ ವಿದ್ಯಾರ್ಥಿ: ನಮಸ್ಕಾರ ಮೇಡಂ. ಕೆಲಸದ ಪಾಳಿಗೂ ಉದ್ಯೋಗ ತೃಪ್ತಿಗೂ ಸಂಬಂಧವಿದೆಯೇ ಎಂದು ತಿಳಿಯಲು 200 ಮಂದಿಯನ್ನು ಸಮೀಕ್ಷೆ ಮಾಡಿದ್ದೇನೆ. ಹಗಲು ಪಾಳಿಯ 120 ಮಂದಿಯಲ್ಲಿ 90 ಮಂದಿ ತೃಪ್ತಿ ಇದೆ ಎಂದರು, 30 ಮಂದಿ ಇಲ್ಲವೆಂದರು. ರಾತ್ರಿ ಪಾಳಿಯ 80 ಮಂದಿಯಲ್ಲಿ 50 ಮಂದಿಗೆ ತೃಪ್ತಿ ಇದೆ, 30 ಮಂದಿಗೆ ಇಲ್ಲ. ಶೇ. 75 ಮತ್ತು ಶೇ. 62.5 ಎಂದರೆ ಎದ್ದು ಕಾಣುವ ವ್ಯತ್ಯಾಸ. ಸಂಬಂಧವಿದೆ ಎಂದು ಬರೆಯಬಹುದೇ?

ಸಂಖ್ಯಾಶಾಸ್ತ್ರಜ್ಞೆ: ನಮಸ್ಕಾರ. ಪಾಳಿಗೂ ತೃಪ್ತಿಗೂ ಯಾವ ನಂಟೂ ಇಲ್ಲದಿದ್ದರೆ ಕೋಷ್ಟಕ ಹೇಗಿರುತ್ತಿತ್ತು ಎಂಬುದನ್ನು ಮೊದಲು ಕಂಡುಕೊಳ್ಳಿ. ಒಟ್ಟು 200ರಲ್ಲಿ 140 ಮಂದಿ ತೃಪ್ತರು, ಅಂದರೆ ಶೇ. 70. ನಂಟಿಲ್ಲದಿದ್ದರೆ ಹಗಲು ಪಾಳಿಯ 120 ಮಂದಿಯಲ್ಲಿ 84 ಮಂದಿ, ರಾತ್ರಿ ಪಾಳಿಯ 80 ಮಂದಿಯಲ್ಲಿ 56 ಮಂದಿ ತೃಪ್ತರಿರಬೇಕಿತ್ತು. ಅತೃಪ್ತರ ಕೋಶಗಳಲ್ಲಿ ಹೀಗೆಯೇ 36 ಮತ್ತು 24 ಬರುತ್ತದೆ. ಇವು ನಿರೀಕ್ಷಿತ ಆವೃತ್ತಿಗಳು. ನಿಮ್ಮ ನಾಲ್ಕೂ ಕೋಶಗಳು ಇವುಗಳಿಂದ 6ರಷ್ಟು ದೂರದಲ್ಲಿವೆ. ಪ್ರತಿ ಕೋಶದಲ್ಲಿ ಆ ದೂರದ ವರ್ಗವನ್ನು ನಿರೀಕ್ಷಿತ ಆವೃತ್ತಿಯಿಂದ ಭಾಗಿಸಿ ಎಲ್ಲವನ್ನೂ ಕೂಡಿದರೆ 3.57 ಸಿಗುತ್ತದೆ; ಈ ಮೊತ್ತವೇ ಕೈ-ವರ್ಗ. ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಕೋಷ್ಟಕಕ್ಕೆ ಡಿಗ್ರಿ ಆಫ್ ಫ್ರೀಡಂ 1; ಶೇ. 5ರ ಮಟ್ಟದಲ್ಲಿ ಗಡಿ 3.841. ನಿಮ್ಮದು ಗಡಿಯ ಈಚೆಗೇ ನಿಂತಿದೆ. ಪಿ-ಮೌಲ್ಯ, ಅಂದರೆ ನಂಟೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಕೈ-ವರ್ಗ ಆಕಸ್ಮಿಕವಾಗಿ ಬರುವ ಸಂಭವ, ಸುಮಾರು 0.059. ಆದ್ದರಿಂದ ಸಂಬಂಧವಿದೆ ಎಂದು ಈ ಮಾದರಿಯ ಬಲದಿಂದ ಹೇಳಲಾಗದು.

ಗುಂಪಿನ ಸದಸ್ಯ: ಡಿಗ್ರಿ ಆಫ್ ಫ್ರೀಡಂ 1 ಹೇಗಾಯಿತು? ನಾಲ್ಕು ಕೋಶಗಳಿವೆ, ಒಂದನ್ನು ಕಳೆದರೆ 3 ಅಲ್ಲವೇ?

ಸಂಖ್ಯಾಶಾಸ್ತ್ರಜ್ಞೆ: ಈ ತಪ್ಪನ್ನು ಮಾಡಿದವರಲ್ಲಿ ನೀವು ಮೊದಲಿಗರಲ್ಲ. 1900ರಲ್ಲಿ ಈ ಪರೀಕ್ಷೆಯನ್ನು ಕೊಟ್ಟ ಕಾರ್ಲ್ ಪಿಯರ್‌ಸನ್ ಅವರೂ ಹಾಗೆಯೇ ಎಣಿಸುತ್ತಿದ್ದರು; 1922ರಲ್ಲಿ ಫಿಶರ್ ಅದನ್ನು ತಿದ್ದಿದರು. ಅಡ್ಡಸಾಲು ಮತ್ತು ಕಂಬಸಾಲುಗಳ ಮೊತ್ತಗಳನ್ನು ಹಾಗೇ ಇಟ್ಟುಕೊಂಡು ಒಂದು ಕೋಶವನ್ನು ತುಂಬಿ ನೋಡಿ, ಉಳಿದ ಮೂರೂ ತಾವಾಗಿಯೇ ತುಂಬಿಕೊಳ್ಳುತ್ತವೆ. ನಿಮ್ಮ ಕೈಯಲ್ಲಿರುವುದು ಆ ಒಂದು ಕೋಶದ ಸ್ವಾತಂತ್ರ್ಯ ಮಾತ್ರ.

ಇನ್ನೊಬ್ಬ ಸದಸ್ಯ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವಿದು, ಎಲ್ಲರಿಗೂ ಉಪಯೋಗವಾದೀತು ಎಂದು ಹಾಕುತ್ತಿದ್ದೇನೆ: "ಕೈ-ವರ್ಗ ಪರೀಕ್ಷೆ ಕೈಕೊಟ್ಟರೆ ನಾಲ್ಕು ಉಪಾಯಗಳು. ಒಂದು, ಸೊನ್ನೆ ಇರುವ ಕೋಶಗಳಿಗೆಲ್ಲ 1 ಸೇರಿಸಿ. ಎರಡು, ಯಾವುದೇ ಕೋಶದಲ್ಲಿ 5ಕ್ಕಿಂತ ಕಡಿಮೆ ಮಂದಿ ಇದ್ದರೆ ಪರೀಕ್ಷೆ ಅಸಿಂಧು. ಮೂರು, ಎಣಿಕೆಗಳನ್ನು ಶೇಕಡಾವಾರಿಗೆ ಬದಲಿಸಿ. ನಾಲ್ಕು, ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯುವವರೆಗೆ ವರ್ಗಗಳನ್ನು ಒಂದರೊಡನೊಂದು ಕೂಡಿಸುತ್ತಾ ಹೋಗಿ."

ಸಂಖ್ಯಾಶಾಸ್ತ್ರಜ್ಞೆ: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಸೊನ್ನೆಗೆ 1 ಸೇರಿಸುವುದೆಂದರೆ ಸಮೀಕ್ಷೆಗೆ ಬಾರದ ಒಬ್ಬ ವ್ಯಕ್ತಿಯನ್ನು ಸೃಷ್ಟಿಸುವುದು. ಎರಡನೆಯದು ಅರ್ಧ ಕೇಳಿಸಿಕೊಂಡ ಮಾತು: 5ರ ನಿಯಮ ಇರುವುದು ನಿರೀಕ್ಷಿತ ಆವೃತ್ತಿಗೆ, ನೀವು ಎಣಿಸಿದ ಆವೃತ್ತಿಗಲ್ಲ, ಅದರಲ್ಲೂ 1954ರಲ್ಲಿ ಕೋಕ್ರನ್ ಕೊಟ್ಟ ಸಲಹೆಯಂತೆ ಶೇ. 20ರಷ್ಟು ಕೋಶಗಳಲ್ಲಿ ನಿರೀಕ್ಷಿತ ಆವೃತ್ತಿ 5ಕ್ಕಿಂತ ಕಡಿಮೆ ಇದ್ದರೂ, ಯಾವುದೂ 1ಕ್ಕಿಂತ ಕಡಿಮೆ ಇರದಿದ್ದರೆ, ನಡೆಯುತ್ತದೆ. ಅದಕ್ಕಿಂತಲೂ ತೆಳುವಾದ ಸಣ್ಣ ಕೋಷ್ಟಕಕ್ಕೆ ಫಿಶರ್ ಅವರ ನಿಖರ ಪರೀಕ್ಷೆ ಇದೆ. ಶೇಕಡಾವಾರು ಹಾಕಿದರೆ 40 ಮಂದಿಯ ಸಮೀಕ್ಷೆಗೂ 4,000 ಮಂದಿಯ ಸಮೀಕ್ಷೆಗೂ ಉತ್ತರ ಒಂದೇ ಬರುತ್ತದೆ, ಅಷ್ಟು ಯೋಚಿಸಿದರೂ ಸಾಕಿತ್ತು. ನಾಲ್ಕನೆಯದು ಉಪಾಯವಲ್ಲ, ವಂಚನೆ. ವರ್ಗಗಳನ್ನು ಕೂಡಿಸಲೇಬೇಕಿದ್ದರೆ ಫಲಿತಾಂಶ ನೋಡುವ ಮೊದಲೇ, ಅರ್ಥದ ಆಧಾರದ ಮೇಲೆ ಕೂಡಿಸಬೇಕು.

ಸಮಾಜಕಾರ್ಯ ವಿದ್ಯಾರ್ಥಿನಿ: ಮೇಡಂ, ನಾನು 100 ಮನೆಗಳಿಗೆ ಹೋಗಿ ಪ್ರತಿ ಮನೆಯ ನಾಲ್ವರಿಂದ ಪ್ರಶ್ನಾವಳಿ ತುಂಬಿಸಿದ್ದೇನೆ, ಒಟ್ಟು 400. ಒಂದು ಪ್ರಶ್ನೆ ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದು. ಇನ್ನೊಂದು ಕಸ ವಿಂಗಡಣೆಯ ನಿಯಮವನ್ನು ಒಪ್ಪುತ್ತೀರಾ, ಇಲ್ಲವಾ, ಹೇಳಲಾರಿರಾ ಎಂಬುದು. ಕೈ-ವರ್ಗ 9.8 ಬಂದಿದೆ, ಪಿ-ಮೌಲ್ಯ 0.007. ಮಾರ್ಗದರ್ಶಕರು ಸಂತೋಷಪಟ್ಟಿದ್ದಾರೆ. ಬೇರೆ ಏನಾದರೂ ನೋಡಬೇಕೇ? ದತ್ತಾಂಶದ ಕಡತವನ್ನೂ ಕೆಲವು ಹಾಳೆಗಳ ಚಿತ್ರಗಳನ್ನೂ ಹಾಕಿದ್ದೇನೆ.

ಸಂಖ್ಯಾಶಾಸ್ತ್ರಜ್ಞೆ: ನೋಡಬೇಕು. ಈ ಇಡೀ ಚರ್ಚೆಯಲ್ಲಿ ನನಗೆ ನಿಜವಾಗಿ ಆತಂಕ ತಂದಿರುವುದು ನಿಮ್ಮ ಪ್ರಶ್ನೆಯೇ, ಏಕೆಂದರೆ ಇಲ್ಲಿ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ, ಆದರೂ ಉತ್ತರ ತಪ್ಪಾಗಿದೆ.

ಕೈ-ವರ್ಗ ಪರೀಕ್ಷೆ ಒಂದು ಮಾತನ್ನು ಸದ್ದಿಲ್ಲದೆ ನಂಬಿಕೊಂಡಿರುತ್ತದೆ: ಕೋಷ್ಟಕದಲ್ಲಿ ಎಣಿಸಲಾದ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಅವಲಂಬಿಸದೆ ಉತ್ತರಿಸಿದ್ದಾರೆ ಎಂದು. ಒಂದೇ ಸೂರಿನಡಿ ಇರುವ ನಾಲ್ವರು ಹಾಗೆ ಉತ್ತರಿಸುವುದಿಲ್ಲ. ಹೀಗೆ ಯೋಚಿಸಿ: ನೀವು ಪ್ರತಿ ಮನೆಯಿಂದ ಒಂದೇ ಹಾಳೆ ತಂದು, ಅದನ್ನು ನಾಲ್ಕು ಜೆರಾಕ್ಸ್ ಮಾಡಿಸಿ, 400 ಎಂದು ಎಣಿಸಿದ್ದರೆ ಶೇಕಡಾವಾರುಗಳು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ, ಕೈ-ವರ್ಗ ಮಾತ್ರ ಸರಿಯಾಗಿ ನಾಲ್ಕು ಪಟ್ಟಾಗುತ್ತಿತ್ತು. ಜೆರಾಕ್ಸ್ ಅಂಗಡಿಯಿಂದ ಹೊಸ ಮಾಹಿತಿ ಹುಟ್ಟುವುದಿಲ್ಲ. ನಿಮ್ಮ ಸ್ಥಿತಿ ಅಷ್ಟು ಕೆಟ್ಟದ್ದಲ್ಲವಾದರೂ ಅದರ ಹತ್ತಿರದ್ದು.

ಕಡತ ತೆರೆದು ನೋಡಿದೆ. ಅಭಿಪ್ರಾಯದಲ್ಲಿ ಮನೆಯೊಳಗಿನ ಹೋಲಿಕೆಯ ಪ್ರಮಾಣ ಸುಮಾರು 0.6 ಇದೆ, ಸೊನ್ನೆ ಎಂದರೆ ಮನೆಯವರು ಪರಸ್ಪರ ಅಪರಿಚಿತರಷ್ಟೇ ಬೇರೆ, 1 ಎಂದರೆ ಪೂರಾ ಜೆರಾಕ್ಸ್. ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದಂತೂ ನಾಲ್ವರಿಗೂ ಒಂದೇ. ಇಂಥ ಸಂದರ್ಭದಲ್ಲಿ ಕೈ-ವರ್ಗ ಎಷ್ಟು ಪಟ್ಟು ಉಬ್ಬಿದೆ ಎಂಬುದರ ಅಂದಾಜು ಹೀಗೆ: ಮನೆಯಲ್ಲಿನ ಜನರ ಸಂಖ್ಯೆಯಿಂದ 1 ಕಳೆದು, 0.6ರಿಂದ ಗುಣಿಸಿ, 1 ಕೂಡಿಸಿ. 2.8 ಆಯಿತು. ನಿಮ್ಮ 9.8ನ್ನು 2.8ರಿಂದ ಭಾಗಿಸಿದರೆ 3.5. ನಿಮ್ಮ ಕೋಷ್ಟಕಕ್ಕೆ ಡಿಗ್ರಿ ಆಫ್ ಫ್ರೀಡಂ 2, ಗಡಿ 5.991. ಪಿ-ಮೌಲ್ಯ 0.007ರಿಂದ 0.17ಕ್ಕೆ ಏರಿತು. ಇದು ಒರಟು ಅಂದಾಜು; ಇದನ್ನೇ ಕ್ರಮಬದ್ಧವಾಗಿ ಮಾಡುವ ತಿದ್ದುಪಡಿಯನ್ನು ರಾವ್ ಮತ್ತು ಸ್ಕಾಟ್ 1980ರ ದಶಕದಲ್ಲಿ ರೂಪಿಸಿದರು, ಸಮೀಕ್ಷಾ ವಿಶ್ಲೇಷಣೆಯ ತಂತ್ರಾಂಶಗಳಲ್ಲಿ ಅದು ಇದೆ. ಮನೆಯ ಸಂಖ್ಯೆ ಇರುವ ಕಂಬಸಾಲನ್ನು ತಂತ್ರಾಂಶಕ್ಕೆ ತಿಳಿಸುವುದಷ್ಟೇ ನಿಮ್ಮ ಕೆಲಸ.

ಇನ್ನೊಂದು ವಿಷಯವಿದೆ, ಅದಕ್ಕೆ ಯಾವ ಸೂತ್ರವೂ ಸಹಾಯ ಮಾಡದು. ನೀವು ಹಾಕಿರುವ ಚಿತ್ರಗಳಲ್ಲಿ 37ನೇ ಮನೆಯ ನಾಲ್ಕು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಾಲ್ಕರಲ್ಲೂ ಅದೇ ಹಸಿರು ಶಾಯಿ, ಟಿಕ್ ಗುರುತಿನ ಉದ್ದನೆಯ ಬಾಲ ನಾಲ್ಕರಲ್ಲೂ ಚೌಕದ ಗೆರೆ ದಾಟಿ ಬಲಕ್ಕೆ ವಾಲಿದೆ. ಒಬ್ಬರೇ ಕುಳಿತು ನಾಲ್ವರ ಪರವಾಗಿ ತುಂಬಿಕೊಟ್ಟಂತೆ ಕಾಣುತ್ತದೆ. ಇಂಥ ಮನೆಗಳು ಎಷ್ಟಿವೆ?

ಉಪನ್ಯಾಸಕ ಸದಸ್ಯ: ಮೊದಲಿನ ಪ್ರಶ್ನೆಗೆ ಮರಳುತ್ತೇನೆ. ಪಿ-ಮೌಲ್ಯ 0.059 ಎಂದ ಮೇಲೆ ಶೂನ್ಯ ಪ್ರಾಕ್ಕಲ್ಪನೆ, ಅಂದರೆ ನಂಟಿಲ್ಲ ಎಂಬ ಊಹೆ, ಸ್ವೀಕೃತವಾಯಿತು. ಪಾಳಿ ಮತ್ತು ತೃಪ್ತಿ ಸ್ವತಂತ್ರ ಎಂಬುದು ಸಾಬೀತಾಯಿತು ಎಂದು ವಿದ್ಯಾರ್ಥಿ ಧೈರ್ಯವಾಗಿ ಬರೆಯಲಿ.

ದತ್ತಾಂಶ ವಿಶ್ಲೇಷಕಿ: ಕ್ಷಮಿಸಿ ಸರ್, ಸಾಬೀತಾಗಲಿಲ್ಲ. ಇದೇ ಅನುಪಾತಗಳು 400 ಮಂದಿಯಲ್ಲಿ ಬಂದಿದ್ದರೆ ಕೈ-ವರ್ಗ 7.14 ಆಗಿ ಗಡಿ ದಾಟುತ್ತಿತ್ತು. ಮಾದರಿ ಚಿಕ್ಕದಾದ ಮಾತ್ರಕ್ಕೆ ಜಗತ್ತಿನಲ್ಲಿ ಎರಡು ಸಂಗತಿಗಳು ಸ್ವತಂತ್ರವಾಗಿಬಿಡುವುದಿಲ್ಲ.

ಉಪನ್ಯಾಸಕ ಸದಸ್ಯ: ಯೇಟ್ಸ್ ಅವರ 1934ರ ತಿದ್ದುಪಡಿ ಹಾಕಿದರೆ 3.57 ಇದ್ದದ್ದು 3.00ಕ್ಕೆ ಇಳಿಯುತ್ತದೆ. ಅಂದರೆ ಸ್ವಾತಂತ್ರ್ಯಕ್ಕೆ ಇನ್ನಷ್ಟು ಬಲ ಬಂತು. ನಾನು ಹದಿನೆಂಟು ವರ್ಷಗಳಿಂದ ಇದನ್ನು ಪಾಠ ಮಾಡುತ್ತಿದ್ದೇನೆ.

ದತ್ತಾಂಶ ವಿಶ್ಲೇಷಕಿ: ತಿದ್ದುಪಡಿ ಪರೀಕ್ಷೆಯನ್ನು ಹೆಚ್ಚು ಎಚ್ಚರಿಕೆಯದ್ದಾಗಿಸುತ್ತದೆ, ಅಷ್ಟೇ. ಹದಿನೆಂಟು ವರ್ಷ ಹೇಳಿದ ಮಾತು ಹದಿನೆಂಟು ವರ್ಷ ತಪ್ಪಾಗಿಯೂ ಇದ್ದಿರಬಹುದು.

ಉಪನ್ಯಾಸಕ ಸದಸ್ಯ: ಹಿರಿಯರೊಡನೆ ಮಾತನಾಡುವ ರೀತಿ ಇದಲ್ಲ.

ದತ್ತಾಂಶ ವಿಶ್ಲೇಷಕಿ: ಸಂಖ್ಯೆಯ ಬಗ್ಗೆ ಕೇಳಿದರೆ ವಯಸ್ಸಿನ ಬಗ್ಗೆ ಉತ್ತರಿಸುವುದೂ ರೀತಿಯಲ್ಲ.

ಗುಂಪಿನ ಸದಸ್ಯೆ: ನಿಮ್ಮ ಜಗಳದ ನಡುವೆ ಒಂದು ಪ್ರಶ್ನೆ. ತರಬೇತಿಗೆ ಮುಂಚೆ ಮತ್ತು ನಂತರ ಅದೇ 60 ಮಂದಿಯನ್ನು "ಹೌದು, ಇಲ್ಲ" ಎಂದು ಕೇಳಿದ್ದೇನೆ. ಕೈ-ವರ್ಗ ಸರಿಯೇ?

ಸಂಖ್ಯಾಶಾಸ್ತ್ರಜ್ಞೆ: ಸ್ವಾತಂತ್ರ್ಯದ ಕೈ-ವರ್ಗ ಅಲ್ಲ. ಮೆಕ್‌ನೆಮರ್ ಪರೀಕ್ಷೆ ಮಾಡಿ. ಉತ್ತರ ಬದಲಿಸಿದವರ ಎಣಿಕೆ ಮಾತ್ರ ಅದಕ್ಕೆ ಬೇಕು.

ಹೊಸ ಸದಸ್ಯ: ಕೋಷ್ಟಕದಲ್ಲಿ ಶೇಕಡಾವಾರು ಹಾಕಬಹುದೇ ಮೇಡಂ?

ಸಂಖ್ಯಾಶಾಸ್ತ್ರಜ್ಞೆ: ಬೇಡ. ಮೇಲೆ ಓದಿ.

ಗುಂಪಿನ ಸದಸ್ಯ: "ಅನ್ವಯಿಸುವ ಎಲ್ಲವನ್ನೂ ಗುರುತಿಸಿ" ಎಂಬ ಪ್ರಶ್ನೆಯಲ್ಲಿ ಒಬ್ಬರು ಮೂರು ಚೌಕ ತುಂಬಿದ್ದರೆ ಮೂರು ಎಂದು ಎಣಿಸಬೇಕೇ?

ಸಂಖ್ಯಾಶಾಸ್ತ್ರಜ್ಞೆ: ಒಬ್ಬರು ಒಂದು ಕೋಷ್ಟಕದಲ್ಲಿ ಒಂದೇ ಕೋಶದಲ್ಲಿರಬೇಕು. ಪ್ರತಿ ಚೌಕವನ್ನೂ ಬೇರೆ ಪ್ರಶ್ನೆಯೆಂದು ಭಾವಿಸಿ, "ಗುರುತಿಸಿದ್ದಾರೆ, ಇಲ್ಲ" ಎಂದು ಬೇರೆ ಬೇರೆ ಕೋಷ್ಟಕ ಮಾಡಿ. ಹತ್ತು ಕೋಷ್ಟಕ ಮಾಡಿ ಒಂದರಲ್ಲಿ ಮಾತ್ರ ಪಿ-ಮೌಲ್ಯ 0.04 ಬಂದರೆ ಹಿಗ್ಗಬೇಡಿ.

ಗುಂಪಿನ ಸದಸ್ಯ: "ಪೂರ್ಣ ಒಪ್ಪುತ್ತೇನೆ" ಎಂಬಲ್ಲಿಂದ "ಸ್ವಲ್ಪವೂ ಒಪ್ಪುವುದಿಲ್ಲ" ಎಂಬಲ್ಲಿಯವರೆಗೆ ಐದು ಮಟ್ಟಗಳಿದ್ದರೆ ಆ ಕ್ರಮವನ್ನು ಕೈ-ವರ್ಗ ಗಮನಿಸುತ್ತದೆಯೇ?

ಉಪನ್ಯಾಸಕ ಸದಸ್ಯ: ಸಂಖ್ಯಾಶಾಸ್ತ್ರಜ್ಞೆಯವರೇ, 0.059ರ ವಿಷಯದಲ್ಲಿ ನೀವೇ ತೀರ್ಪು ಹೇಳಿ. ಇಲ್ಲಿ ಎಳೆಯರ ಪಾಠ ಕೇಳುವ ವ್ಯವಧಾನ ನನಗಿಲ್ಲ.

ಸಂಖ್ಯಾಶಾಸ್ತ್ರಜ್ಞೆ: ದತ್ತಾಂಶ ವಿಶ್ಲೇಷಕಿ ಹೇಳಿದ್ದು ಸರಿ. ಎರಡು ಪಾಳಿಗಳ ನಡುವಿನ 12.5 ಅಂಶಗಳ ವ್ಯತ್ಯಾಸಕ್ಕೆ ಶೇ. 95ರ ವಿಶ್ವಾಸಾಂತರ ಕಟ್ಟಿದರೆ ಅದು ಸುಮಾರು ಮೈನಸ್ 0.6ರಿಂದ 25.6ರವರೆಗೆ ಹರಡುತ್ತದೆ. ವ್ಯತ್ಯಾಸ ಇಲ್ಲದೆಯೂ ಇರಬಹುದು, ನಾಲ್ವರಲ್ಲಿ ಒಬ್ಬರಷ್ಟು ದೊಡ್ಡದೂ ಇರಬಹುದು ಎಂದು ಹೇಳುವ ದತ್ತಾಂಶದಿಂದ ಸ್ವಾತಂತ್ರ್ಯ ಸಾಬೀತಾಯಿತು ಎಂದು ಬರೆಯುವುದು ಹೇಗೆ? ಅವರು ಹೇಳಿದ ಧಾಟಿ ನನಗೂ ಹಿಡಿಸಲಿಲ್ಲ, ಆದರೆ ಧಾಟಿಗೆ ಪಿ-ಮೌಲ್ಯ ಇಲ್ಲ.

ಮೊದಲು ಸಂದೇಶ ಹಾಕಿದ ಸದಸ್ಯ: ಆ ನಾಲ್ಕು ಉಪಾಯಗಳ ಪರಿಷ್ಕೃತ ಆವೃತ್ತಿ ಬಂದಿದೆ, ಅದರಲ್ಲಿ 1ರ ಬದಲು 0.5 ಸೇರಿಸಲು ಹೇಳಿದ್ದಾರೆ.

ಸಂಖ್ಯಾಶಾಸ್ತ್ರಜ್ಞೆ: ಈಗ ಅರ್ಧ ಮನುಷ್ಯನನ್ನು ಸೃಷ್ಟಿಸಿದ್ದೀರಿ. ಸ್ವಾತಂತ್ರ್ಯದ ಪರೀಕ್ಷೆಗೆ ಅದು ಬೇಡ. ಇನ್ನೊಮ್ಮೆ ಇಂಥದ್ದು ಬಂದರೆ ನಾನು ಉತ್ತರಿಸುವುದಿಲ್ಲ.

ಸ್ನಾತಕೋತ್ತರ ವಿದ್ಯಾರ್ಥಿ: ರಾತ್ರಿ ಪಾಳಿಯಲ್ಲಿ ಇರುವವರೆಲ್ಲ ಹೊಸದಾಗಿ ಸೇರಿದವರು. ಅತೃಪ್ತಿಗೆ ಪಾಳಿ ಕಾರಣವೋ ಸೇವಾವಧಿ ಕಾರಣವೋ ಹೇಗೆ ತಿಳಿಯುವುದು?

ಸಮಾಜಕಾರ್ಯ ವಿದ್ಯಾರ್ಥಿನಿ: ಮೇಡಂ, ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಮನೆವಾರು ಹರಡಿ ನೋಡಿದೆ. ಒಂದೇ ಕೈಬರಹ ಕಾಣುವ ಮನೆಗಳು 22 ಇವೆ. ಆ 88 ಹಾಳೆಗಳನ್ನು ಎಸೆಯಲೇ? ಮಾರ್ಗದರ್ಶಕರಿಗೆ ಏನೆಂದು ಹೇಳಲಿ?

ಸಂಖ್ಯಾಶಾಸ್ತ್ರಜ್ಞೆ: ಎಸೆಯಬೇಡಿ. ಸಾಧ್ಯವಿದ್ದರೆ ಆ 22 ಮನೆಗಳಿಗೆ ಮತ್ತೆ ಹೋಗಿ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿ. ಸಾಧ್ಯವಿಲ್ಲದಿದ್ದರೆ ಅಲ್ಲಿ ಹಾಳೆ ತುಂಬಿದವರು ಯಾರೆಂದು ವಿಚಾರಿಸಿ, ಅವರದೊಂದನ್ನೇ ಉಳಿಸಿಕೊಂಡು ಉಳಿದ ಮೂರನ್ನು ವಿಶ್ಲೇಷಣೆಯಿಂದ ಹೊರಗಿಡಿ, ಹಾಗೆ ಮಾಡಿದ್ದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಆಮೇಲೆ ಮನೆಯನ್ನು ಗುಚ್ಛವೆಂದು ತಿಳಿಸಿ ತಿದ್ದುಪಡಿ ಮಾಡಿದ ಪರೀಕ್ಷೆಯನ್ನು ಮತ್ತೆ ನಡೆಸಿ. ಮನೆಯೊಳಗಿನ ಹೋಲಿಕೆಯ ಪ್ರಮಾಣವೂ ಬದಲಾಗುತ್ತದೆ, ಆದ್ದರಿಂದ ನನ್ನ 3.5ನ್ನು ಹಾಗೇ ಎತ್ತಿ ಹಾಕಬೇಡಿ. ಮಾರ್ಗದರ್ಶಕರಿಗೆ 37ನೇ ಮನೆಯ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ತೋರಿಸಿ.

ಹೊಸ ಸದಸ್ಯ: ಶೇಕಡಾವಾರು ಬೇಡವೆಂದಿರಿ, ಸರಿ. ದಶಮಾಂಶ ಹಾಕಬಹುದೇ?