ಪದಚರ್ಚೆ: ಎಲೆಕ್ಟ್ರಾನುಗಳ ‘ಓರಣ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಅತಿವಾಹಕಗಳ (ತುಂಬ ತಣ್ಣಗಾದಾಗ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಚಾರ್ಜ್ ಆರ್ಡರ್’, ಅಂದರೆ ವಸ್ತುವಿನೊಳಗೆ ವಿದ್ಯುತ್ ಚಾರ್ಜ್ ಒಂದು ವಿನ್ಯಾಸದಲ್ಲಿ ಜೋಡಣೆಯಾಗಿರೋದು, ಅದಕ್ಕೆ ಕನ್ನಡ ಪದ ಬೇಕು. ಪಠ್ಯಪುಸ್ತಕದ ಪ್ರಕಾರ ಚಾರ್ಜ್ ಅಂದರೆ ಆವೇಶ, ಆರ್ಡರ್ ಅಂದರೆ ಕ್ರಮ. ‘ಆವೇಶ ಕ್ರಮ’ ಅಂತ ಬರೆದರೆ ಯಾರ ಮೈಮೇಲೋ ದೇವರು ಬಂದಿದೆ ಅಂದುಕೊಂಡಾರು! ಹಾಗಾಗಿ ಚಾರ್ಜ್ ಹಾಗೇ ಇರಲಿ. ತಕರಾರು ಇರೋದು ಆರ್ಡರ್ ಬಗ್ಗೆ.

ವಿಷಯ ಹೀಗಿದೆ. 1986ರಲ್ಲಿ ಭೌತವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಅತಿವಾಹಕತೆ ಕಂಡದ್ದು ಲ್ಯಾಂಥನಮ್, ಬೇರಿಯಮ್, ತಾಮ್ರ, ಆಮ್ಲಜನಕ ಸೇರಿದ ವಸ್ತುವಿನಲ್ಲಿ. ಬೇರಿಯಮ್ ಪಾಲು ಸರಿಯಾಗಿದ್ದರೆ ಇದು ಸುಮಾರು 30 ಕೆಲ್ವಿನ್‌ವರೆಗೂ ಅತಿವಾಹಕ. (ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ಸನ್ನು ಸೊನ್ನೆ ಅಂತ ಹಿಡಿದು ಎಣಿಸುವ ತಾಪಮಾನ.) ಆದರೆ ಎಂಟು ತಾಮ್ರಕ್ಕೆ ಒಂದು ಬೇರಿಯಮ್ ಎಂಬ ಲೆಕ್ಕಕ್ಕೆ ಬಂದರೆ ಆ ಮಿತಿ ಧಡಕ್ಕನೆ 5 ಕೆಲ್ವಿನ್ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಚಾರ್ಜ್ ಒಂದೇ ಸಮ ಹರಡಿರುವುದಿಲ್ಲ. ನಾಲ್ಕು ತಾಮ್ರಕ್ಕೊಂದರಂತೆ ದಟ್ಟ ಪಟ್ಟೆಗಳು, ನಡುವೆ ತೆಳು ಜಾಗ. ಇದರ ಸೋದರ ವಸ್ತುವೊಂದರಲ್ಲಿ ಟ್ರಾಂಕ್ವಾಡಾ ತಂಡ 1995ರಲ್ಲಿ ನ್ಯೂಟ್ರಾನ್ ಹಾಯಿಸಿ ಇಂಥ ಪಟ್ಟೆಗಳನ್ನು ಪತ್ತೆಹಚ್ಚಿತು. ಪಟ್ಟೆಹುಲಿ ಗೊತ್ತಿರುವ ನಮಗೆ ‘ಪಟ್ಟೆ’ ಸಲೀಸು.

ಆದರೆ ಪಟ್ಟೆಗಿಂತ ಅಗಲವಾದ ಪದವೂ ಬೇಕು. ‘ಕ್ರಮ’ ಅಂದರೆ ಒಂದಾದ ಮೇಲೊಂದು ಅನ್ನಿಸುತ್ತದೆ, ಇಲ್ಲವೇ ‘ಕ್ರಮ ಕೈಗೊಳ್ಳಲಾಗುವುದು’ ನೆನಪಾಗುತ್ತದೆ. ‘ವ್ಯವಸ್ಥೆ’ ಸಿಸ್ಟಮ್‌ಗೆ ಮೀಸಲಾಗಿಬಿಟ್ಟಿದೆ. ನನಗೆ ಹಿಡಿಸಿದ್ದು ‘ಓರಣ’. ಕಪಾಟಿನಲ್ಲಿ ಪಾತ್ರೆ ಓರಣವಾಗಿ ಜೋಡಿಸಿದ ಹಾಗೆ. ‘ಓರಣಗೆಟ್ಟ’ ಅನ್ನೋ ಎದುರುಪದವೂ ಸುಮ್ನೆ ಸಿಗುತ್ತದೆ.

ತೊಡಕು ಶುರುವಾಗೋದು ಇಲ್ಲೇ. 2012ರಲ್ಲಿ ಯಿಟ್ರಿಯಮ್ ಇರುವ ಅತಿವಾಹಕವೊಂದನ್ನು ತಣ್ಣಗೆ ಮಾಡುತ್ತಾ ಎಕ್ಸ್‌-ರೇಯಲ್ಲಿ ನೋಡಿದರು. ಸುಮಾರು 135 ಕೆಲ್ವಿನ್‌ನಲ್ಲಿ ಚಾರ್ಜ್ ಓರಣ ಮೂಡಿ ಬಲಿಯುತ್ತಾ ಬಂತು. 67 ಕೆಲ್ವಿನ್‌ನಲ್ಲಿ ಅತಿವಾಹಕತೆ ಬಂದ ಮೇಲೆ ಅದು ಮಂಕಾಯಿತು. 17 ಟೆಸ್ಲಾ ಕಾಂತಕ್ಷೇತ್ರ ಒಡ್ಡಿ ಅತಿವಾಹಕತೆಯನ್ನು ತಗ್ಗಿಸಿದರೆ ಮತ್ತೆ ಬಲಿಯಿತು. ಒಂದಕ್ಕೊಂದು ಪೈಪೋಟಿ ಅಲ್ವಾ?

ಆದರೆ ಭೌತವಿಜ್ಞಾನದಲ್ಲಿ ಅತಿವಾಹಕತೆಯೂ ಒಂದು ಆರ್ಡರ್ರೇ. ಜೋಡಿಯಾದ ಎಲೆಕ್ಟ್ರಾನುಗಳೆಲ್ಲ ಅಲ್ಲಿ ಒಂದೇ ಲಯದಲ್ಲಿರುತ್ತವೆ. ಚಾರ್ಜಿಗೆ ಮಾತ್ರ ‘ಓರಣ’ ಅಂದರೆ, ಅತಿವಾಹಕತೆ ಓರಣಗೆಟ್ಟದ್ದು ಅಂತ ತಪ್ಪರ್ಥ ಬರುತ್ತದೆ. ಎರಡಕ್ಕೂ ಹಾಕಿದರೆ, ಕಣ್ಣಿಗೆ ಕಾಣುವ ಜೋಡಣೆಗೆ ಹೇಳುವ ಪದ ಲಯಕ್ಕೂ ಒಗ್ಗುತ್ತದಾ? ‘ಪೈಪೋಟಿಯ ಓರಣಗಳು’ ಅಂತ ಓದಿದರೆ ನಿಮಗೆ ಏನು ಹೊಳೆಯುತ್ತದೆ? ಇದಕ್ಕಿಂತ ಒಳ್ಳೆಯ ಪದ ಬಳಸಿದವರಿದ್ದರೆ, ಅದನ್ನು ಹಾಕಿದ ವಾಕ್ಯದ ಸಮೇತ ಕಳಿಸಿ.