ಅವ್ವನ ಮೊಣಕಾಲು, ಲಷಿಂಗ್ಟನ್ ಫಾಲ್ಸ್, ಎರಡು ದಿನದ ರಜೆ

ಕೋಡಿಬಾಗ ಕಿಟಕಿ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಕೆಲಸಕ್ಕೆ ಅಂತ ಕಾರವಾರಕ್ಕೆ ಬಂದು ಎರಡು ವರ್ಷ ಆಯ್ತು. ಅಕ್ಟೋಬರ್‌ನಲ್ಲಿ ಅವ್ವ ಬರುತ್ತಿದ್ದಾಳೆ. ವಯಸ್ಸು 67, ಎರಡೂ ಮೊಣಕಾಲು ನೋವು. ಸಮ ದಾರಿಯಾದರೆ ಅರ್ಧ ತಾಸು ಆರಾಮಾಗಿ ನಡೆಯುತ್ತಾಳೆ. ಮೆಟ್ಟಿಲು ಹತ್ತಿಯಾಳು, ಇಳಿಯುವುದೇ ಕಷ್ಟ.

ಬೀಚ್ ತೋರಿಸುತ್ತೇನೆ ಅಂದರೆ ಬೇಡವಂತೆ. "ಸಮುದ್ರ ಸುಮ್ನ ಬರತೈತಿ, ಹೋಗತೈತಿ, ಅದರಾಗ ನೋಡೂದೇನೈತಿ" ಅಂತಾಳೆ. ಫಾಲ್ಸ್ ನೋಡಬೇಕಂತೆ. ಅದೂ ಯಾವುದೋ ಒಂದಲ್ಲ, ಲಷಿಂಗ್ಟನ್ ಫಾಲ್ಸೇ ಆಗಬೇಕು. ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರಂತೆ. ಆ ಹೆಸರು ತಪ್ಪು ಬರೆದದ್ದಕ್ಕೆ ಅಂಗೈ ಮೇಲೆ ಏಟೂ ಬಿದ್ದಿತ್ತು. ಈಗ ಅದನ್ನು ಕಣ್ಣಾರೆ ನೋಡಿ ಲೆಕ್ಕ ಚುಕ್ತಾ ಮಾಡಬೇಕಂತೆ.

ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಉಂಚಳ್ಳಿ ಅಂತಿದೆ, ಇನ್ನೊಂದು ಕಡೆ ಕೆಪ್ಪ ಜೋಗ ಅಂತಿದೆ. ಮೂರೂ ಒಂದೇನಾ? ಅವ್ವನ ಕಾಲಿಗೆ ಆಗುತ್ತದಾ? ಎರಡು ದಿನ ಇದೆ, ಕಾರು ಇದೆ. ಅದರ ಜೊತೆ ಕಡಿಮೆ ನಡಿಗೆಯ ಇನ್ನೊಂದೆರಡು ಜಾಗ ಇದ್ದರೆ ಹೇಳಿ. ಊರಿನ ಕಥೆ ಗೊತ್ತಿದ್ದರೆ ಅದನ್ನೂ ಬರೆಯಿರಿ. ದಾರಿಯುದ್ದಕ್ಕೂ ಪ್ರಶ್ನೆ ಕೇಳುವವಳು ಅವಳು.

ಹಿಂದಿನ ಸೀಟು ಖಾಲಿ:

ತಂಗಿ, ಮೂರೂ ಒಂದೇ. ನಾನು ಶಿರಸಿಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ, ಇಪ್ಪತ್ತೆರಡು ವರ್ಷ ಆಯ್ತು. ಈ ಜಿಲ್ಲೆಯ ಎಲ್ಲ ಫಾಲ್ಸ್‌ಗಳ ಪಾರ್ಕಿಂಗ್ ನನಗೆ ಚೆನ್ನಾಗಿ ಗೊತ್ತು. ಫಾಲ್ಸ್ ಗೊತ್ತಿರುವುದು ಸ್ವಲ್ಪ ಕಡಿಮೆ. ಮೊದಲೇ ಹೇಳಿಬಿಡುತ್ತೇನೆ, ಒಂದೇ ದಿನ ನಾಲ್ಕು ಫಾಲ್ಸ್ ಮುಗಿಸುವವರು ನೀವಾದರೆ ಮುಂದೆ ಓದಬೇಡಿ.

ಉಂಚಳ್ಳಿ ಅಲ್ಲಿಯ ಊರಿನ ಹೆಸರು. 1845ರಲ್ಲಿ ಲಷಿಂಗ್ಟನ್ ಅನ್ನುವ ಬ್ರಿಟಿಷ್ ಕಲೆಕ್ಟರ್ ನೋಡಿ ಹೊರಗಿನವರಿಗೆ ತಿಳಿಸಿದ. ಆಮೇಲೆ ನಕ್ಷೆಯಲ್ಲಿ, ಪಾಠದ ಪುಸ್ತಕದಲ್ಲಿ ಅವನ ಹೆಸರೇ ಕೂತಿತು. ಸುತ್ತಲಿನ ಜನ ಕರೆಯುವುದು ಕೆಪ್ಪ ಜೋಗ ಅಂತ. ಕೆಪ್ಪ ಅಂದರೆ ಕಿವುಡ. ನಮ್ಮ ಕಡೆ ಜೋಗ ಅಂದರೆ ಶರಾವತಿಯದು ಒಂದೇ ಅಲ್ಲ, ನೀರು ಬೀಳುವ ಜಾಗಕ್ಕೆಲ್ಲ ಜೋಗ ಅನ್ನುತ್ತೇವೆ. ಅಘನಾಶಿನಿ ಹೊಳೆ 116 ಮೀಟರ್ ಕೆಳಗೆ ಬೀಳುತ್ತದೆ. ಆ ಸದ್ದಿನ ಎದುರು ನಿಂತರೆ ಪಕ್ಕದವನ ಮಾತು ಕೇಳುವುದಿಲ್ಲ.

ಇದಕ್ಕೊಂದು ಸಂಗತಿ ಹೇಳಬೇಕು. ಒಮ್ಮೆ ಬೆಳಗಾವಿ ಕಡೆಯ ಗಂಡ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಯಜಮಾನರಿಗೆ ಕಿವಿ ದೂರ, ಮಿಷನ್ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಅವರ ಹೆಂಡತಿ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿ ಹೇಳಿ ಸಿಟ್ಟಾಗಿದ್ದರು. ರೇಲಿಂಗ್ ಹತ್ತಿರ ಹೋಗುತ್ತಿದ್ದಂತೆ ಯಜಮಾನರು ಕಿವಿಯ ಮಿಷನ್ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಹೆಂಡತಿ ಏನೋ ಕೂಗಿದರು. ನನಗೂ ಕೇಳಲಿಲ್ಲ. ಯಜಮಾನರು ನಕ್ಕು, ನನ್ನ ಕಿವಿಯ ಹತ್ತಿರ ಬಾಯಿ ತಂದು, "ಈಗ ಎಲ್ಲಾರೂ ನನ್ನಂಗೇ ಆದ್ರಿ" ಅಂದರು. ಅವತ್ತಿನಿಂದ ಆ ಹೆಸರು ಹೇಳುವಾಗಲೆಲ್ಲ ನನಗೆ ಅವರದೇ ನೆನಪು.

ಈಗ ಕಾಲಿನ ವಿಷಯ. ಶಿರಸಿಯಿಂದ ಹೆಗ್ಗರಣಿ ಮೇಲೆ ಹೋಗಬೇಕು. ಒಂದು ತಾಸಿನ ದಾರಿ, ಕೊನೆಯ ಐದಾರು ಕಿಲೋಮೀಟರ್ ನಿಧಾನ. ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡಿಗೆ, ಅದರಲ್ಲಿ ಮೆಟ್ಟಿಲು ಇಳಿಯುವುದು ಇದೆ. ನಿಮ್ಮ ಅಮ್ಮನಿಗೆ ಬೇಡವಾದದ್ದೇ ಅದು. ಆದರೆ ಕೊನೆಯವರೆಗೆ ಇಳಿಯಲೇಬೇಕು ಅಂತಿಲ್ಲ. ನಡುವೆಯೇ ಮರಗಳ ಸಂದಿಯಲ್ಲಿ ಬಿಳಿ ಕಾಣಲು ಶುರುವಾಗುತ್ತದೆ. ಒಂದು ಕೋಲು ಕೊಡಿ, ಅಡ್ಡ ಅಡ್ಡ ಹೆಜ್ಜೆ ಇಟ್ಟು ಇಳಿಯಲಿ. ಸಾಕು ಅನಿಸಿದಲ್ಲಿ ಕೂತುಬಿಡಲಿ. ನೋಡುವುದು ಅರ್ಧ, ಕೇಳುವುದು ಅರ್ಧ ಇರುವ ಜಾಗ ಅದು. ಜುಲೈನಲ್ಲಿ ಬಂದವರಿಗೆ ಎಷ್ಟೋ ಸಲ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ, ಬರೀ ಸದ್ದು ಕೇಳಿ ವಾಪಸ್ ಹೋಗುತ್ತಾರೆ. ಅಕ್ಟೋಬರ್ ಒಳ್ಳೆಯದು. ನೀರೂ ಇರುತ್ತದೆ, ಮಂಜೂ ಬೇಗ ಕರಗುತ್ತದೆ.

ಎರಡನೆಯದು ಮಾಗೋಡು. ಇದನ್ನು ಬಿಡಲೇಬೇಡಿ, ಯಾಕೆಂದರೆ ಅದು ನಿಮ್ಮದೇ ನೀರು. ತಮಾಷೆ ಅಲ್ಲ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಎರಡೂ ಕಲಘಟಗಿ ಕಡೆ ಸೇರುತ್ತವೆ. ಆ ಹೊಳೆಯೇ ಯಲ್ಲಾಪುರ ದಾಟಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಎರಡು ಹಂತದಲ್ಲಿ ಬೀಳುತ್ತದೆ. ಕೆಳಗೆ ಹೋದ ಮೇಲೆ ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲೆ ಕಡೆ ಸಮುದ್ರ ಸೇರುತ್ತದೆ. ಗಾಡಿ ಹತ್ತಿರದವರೆಗೂ ಹೋಗುತ್ತದೆ, ನಡಿಗೆ ತೀರಾ ಕಡಿಮೆ. ಎದುರಿನ ಕಣಿವೆಯಾಚೆ ಬೀಳುವುದನ್ನು ದೂರದಿಂದ ನೋಡುವುದು, ನೀರು ಮುಟ್ಟಲು ಸಿಗುವುದಿಲ್ಲ. ಸಂಜೆ ಅಲ್ಲೇ ಸ್ವಲ್ಪ ದೂರದ ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗುವುದು ನೋಡಿ. ಕೆಳಗೆ ಹೊಳೆ ದಾರದ ಹಾಗೆ ಕಾಣುತ್ತದೆ.

ಮಾಗೋಡಿನ ಹತ್ತಿರ ಬೇಡ್ತಿಗೆ ಅಣೆಕಟ್ಟು ಕಟ್ಟಿ ಕರೆಂಟ್ ತೆಗೆಯುವ ಯೋಜನೆ ಇತ್ತು. ಎಷ್ಟೋ ತೋಟ, ಕಾಡು ಮುಳುಗುತ್ತಿತ್ತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ದೊಡ್ಡ ಸಭೆ ಆಯಿತು. ವಿಜ್ಞಾನಿಗಳು, ಅಡಿಕೆ ಬೆಳೆಗಾರರು ಒಟ್ಟಿಗೆ ಕೂತು ಲಾಭ ನಷ್ಟದ ಲೆಕ್ಕ ಹಾಕಿದರು. ಯೋಜನೆ ನಿಂತಿತು. ನನಗೆ ಆಗ ಎಂಟು ವರ್ಷ. ಅಪ್ಪ ಮದುವೆಗೆ ಹೋಗುವ ಹಾಗೆ ಇಸ್ತ್ರಿ ಪಂಚೆ ಉಟ್ಟು ಆ ಸಭೆಗೆ ಹೋಗಿದ್ದು ನೆನಪಿದೆ. ನಮಗಿದ್ದದ್ದು ಹದಿನೈದು ಗುಂಟೆ ತೋಟ. ಅದೂ ಮುಳುಗುವ ಜಾಗದಲ್ಲಿರಲಿಲ್ಲ. ಆದರೂ ಹೋಗಿದ್ದ.

ಬುರುಡೆ ಜೋಗಕ್ಕೆ ಯಾರಾದರೂ ಹೇಳಿದರೆ ಹೂಂ ಅನ್ನಬೇಡಿ. ಚಂದ ಇದೆ, ಒಪ್ಪುತ್ತೇನೆ. ಆದರೆ ಇಳಿಜಾರು ಜಾಸ್ತಿ. ನನ್ನದೇ ತಪ್ಪು ಹೇಳುತ್ತೇನೆ. "ಸ್ವಲ್ಪ ಇಳಿದರೆ ಆಯ್ತು ಮಾವ" ಅಂತ ನಮ್ಮ ನೆಂಟರೊಬ್ಬರನ್ನು ಕರೆದುಕೊಂಡು ಹೋದೆ. ಇಳಿದರು. ಹತ್ತುವಾಗ ಅರ್ಧದಲ್ಲಿ ಮಂಡಿ ಹಿಡಿದುಕೊಂಡಿತು. ಹತ್ತಿರದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅಡಿಕೆ ಕೊನೆ ಕೊಯ್ಯುವ ಇಬ್ಬರು ಹುಡುಗರು ಹೊತ್ತು ತರಬೇಕಾಯಿತು. ಮಾವ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ, "ನಿಧಾನ ಮಾರಾಯಾ, ಪಲ್ಲಕ್ಕಿ ಅಲುಗಾಡ್ತು" ಅನ್ನುತ್ತಿದ್ದರು. ಈಗಲೂ ನನ್ನ ಕಂಡರೆ ಕುರ್ಚಿ ತಂದಿದ್ದೀಯಾ ಅಂತ ಕೇಳುತ್ತಾರೆ.

ಬೆಣ್ಣೆ ಹೊಳೆ ಫಾಲ್ಸೂ ನಿಮಗೆ ಆಗುವುದಿಲ್ಲ, ಅಲ್ಲೂ ಕಡಿದಾದ ಇಳಿಜಾರು.

ಗಜನಿ ಗದ್ದೆ:

ನಾನು ಕುಮಟಾದವಳು. ಮೇಲಿನ ಅಣ್ಣ ಘಟ್ಟದ ಮೇಲಿನದು ಬಿಟ್ಟು ಕೆಳಗೆ ಇಳಿಯಲೇ ಇಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಉಂಚಳ್ಳಿಯಲ್ಲಿ ಬೀಳುವ ನೀರು ನಮ್ಮೂರ ಹಿನ್ನೀರಿಗೆ ಬರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮೇಲಿನ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುವುದರಿಂದಲೇ ನಮ್ಮ ಬಳಚು, ಅಂದರೆ ತಿನ್ನುವ ಚಿಪ್ಪಿ, ಸಿಗುವುದು. ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದೂ ಇಲ್ಲಿಯ ಗಜನಿಯಲ್ಲೇ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲೇ. ವಾಪಸ್ ಬರುವಾಗ ಅವ್ವನಿಗೆ ಬಳಚಿನ ಸುಕ್ಕ ಕೊಡಿಸಿ, ತಿನ್ನುವವರಾದರೆ.

ನೀರಿನಲ್ಲಿ ಕಾಲು ಇಡಬೇಕು ಅಂದರೆ ವಿಭೂತಿ ಫಾಲ್ಸ್. ಯಾಣದ ಹತ್ತಿರ, ಮಾಬಗಿಯಲ್ಲಿ. ಸಣ್ಣದು, ನಡಿಗೆಯೂ ಕಡಿಮೆ, ಕೆಳಗೆ ಹೊಂಡ ಇದೆ. ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈ ಇಟ್ಟು ಸುಟ್ಟು ಬೂದಿಯಾದದ್ದು ಯಾಣದಲ್ಲಿ, ಆ ಬೂದಿಯಿಂದ ವಿಭೂತಿ ಅನ್ನುವ ಹೆಸರು ಅಂತ ಕಥೆ. ಯಾಣದಲ್ಲಿ ಭೈರವೇಶ್ವರ ಶಿಖರ, ಮೋಹಿನಿ ಶಿಖರ ಎರಡೂ ಕರೀ ಸುಣ್ಣದಕಲ್ಲು. "ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ" ಅಂತ ನಮ್ಮಲ್ಲಿ ಮಾತಿದೆ. ಆಗೆಲ್ಲ ಕಾಡಿನಲ್ಲಿ ನಡೆದು ಹೋಗಬೇಕಿತ್ತು. ಈಗ ಸೊಕ್ಕು ಬೇಡ, ಪೆಟ್ರೋಲ್ ಸಾಕು.

ಅದೂ ಆಗದಿದ್ದರೆ ಹೊನ್ನಾವರದ ಅಪ್ಸರಕೊಂಡ. ನಾಲ್ಕು ಹೆಜ್ಜೆ, ಮರದ ನೆರಳು, ಸಣ್ಣ ಕೊಳ. ಬೇಸಿಗೆಯಲ್ಲಿ ನಲ್ಲಿ ನೀರಿನಷ್ಟೇ, ಅಕ್ಟೋಬರ್‌ನಲ್ಲಿ ಪರವಾಗಿಲ್ಲ.

ಹಳೇ ಗೆಜೆಟಿಯರ್:

ಒಂದು ಸಣ್ಣ ಸೇರ್ಪಡೆ. 1845ರಲ್ಲಿ ಉತ್ತರ ಕನ್ನಡ ಅನ್ನುವ ಜಿಲ್ಲೆಯೇ ಇರಲಿಲ್ಲ. ಕೆನರಾ ಅಂತ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ಕೆಳಗೆ. ಕಲೆಕ್ಟರ್ ಕಚೇರಿ ಮಂಗಳೂರಿನಲ್ಲಿ. ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಸೇರಿತು. ಆಮೇಲೆಯೇ ನಿಮ್ಮ ಕಾರವಾರ ಜಿಲ್ಲಾ ಕೇಂದ್ರವಾದದ್ದು. ಅವ್ವ ಪ್ರಶ್ನೆ ಕೇಳಿದರೆ ಬೇಕಾಗಬಹುದು.

ಹಿಂದಿನ ಸೀಟು ಖಾಲಿ:

ಅಂದರೆ ಸಾಹೇಬ ಮಂಗಳೂರಿನಿಂದ ಬಂದಿದ್ದನೋ! ಈಗ ಶಿರಸಿಯಿಂದಲೇ ಬರಲು ಜನ ಗೊಣಗುತ್ತಾರೆ.

ತಂಗಿ, ಮರೆತಿದ್ದೆ. ಮಳೆ ಪೂರ್ತಿ ಬಿಟ್ಟಿರದಿದ್ದರೆ ಉಂಬಳ, ಅಂದರೆ ಜಿಗಣೆ, ಇರುತ್ತದೆ. ಹೆದರಬೇಡಿ, ಎಳೆಯಲೂಬೇಡಿ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಮುಟ್ಟಿಸಿ, ತಾನೇ ಬಿಡುತ್ತದೆ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆ ಆಗಾಗ ಬಂದ್ ಇರುತ್ತದೆ. ಕುಮಟಾ ಕಡೆ ಇಳಿಯುವ ಮೊದಲು ಶಿರಸಿಯಲ್ಲಿ ಯಾರಾದರೂ ಡ್ರೈವರನ್ನು ಕೇಳಿ. ಮ್ಯಾಪ್ ಹೇಳಿದ್ದನ್ನು ನಂಬಬೇಡಿ.

ಕೋಡಿಬಾಗ ಕಿಟಕಿ:

ಹೋಗಿ ಬಂದೆವು. ಎಲ್ಲರಿಗೂ ಥ್ಯಾಂಕ್ಸ್.

ಮೊದಲ ದಿನ ಅಂಕೋಲೆ, ಯಲ್ಲಾಪುರದ ಮೇಲೆ ಮಾಗೋಡು. ಅಣ್ಣ ಹೇಳಿದ ನೀರಿನ ಕಥೆ ಹೇಳಿದೆ. ಅವ್ವ ಸುಮಾರು ಹೊತ್ತು ನೋಡಿ, "ನಮ್ಮೂರಾಗ ಹನಿ ಹನಿ ಹರಿಯೂ ನೀರು, ಇಲ್ಲಿ ಬಂದು ಎಷ್ಟ್ ಡೌಲು ಮಾಡತೈತಿ ನೋಡು" ಅಂದಳು. ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಇದು ಧಾರವಾಡದ್ದು ಅಂತ ಪರಿಚಯವನ್ನೂ ಮಾಡಿಕೊಟ್ಟಳು.

ರಾತ್ರಿ ಶಿರಸಿ. ಮರುದಿನ ಬೆಳಿಗ್ಗೆ ಕೆಪ್ಪ ಜೋಗ. ಕೋಲು ಹಿಡಿದು, ಅಡ್ಡ ಹೆಜ್ಜೆ ಇಟ್ಟು, ನಡುವೆ ಕೂರುತ್ತಾಳೆ ಅಂದುಕೊಂಡರೆ ರೇಲಿಂಗ್‌ವರೆಗೂ ಬಂದಳು. ನೀರು ಬಿದ್ದ ಕಡೆಯಿಂದ ಹೊಗೆಯ ಹಾಗೆ ಎದ್ದು ಬರುತ್ತಿತ್ತು. ಅವಳ ಕನ್ನಡಕದ ತುಂಬ ಹನಿ. ಒರೆಸಿಕೊಳ್ಳಲೂ ಇಲ್ಲ. ನನ್ನ ಕಡೆ ತಿರುಗಿ ಏನೋ ಹೇಳಿದಳು. ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ಮೇಷ್ಟ್ರ ಬಗ್ಗೆ ಇರಬೇಕು ಅಂತ ನನಗೇ ಕಣ್ಣು ತುಂಬಿತು. ಉಂಬಳ ಹಿಡಿದದ್ದು ನನ್ನ ಕಾಲಿಗೆ, ಅವ್ವನಿಗೆ ಒಂದೂ ಇಲ್ಲ.

ಮೇಲೆ ಹತ್ತಿ ಬಂದು ಕಾರಿನಲ್ಲಿ ಕೂತ ಮೇಲೆ ಕೇಳಿದೆ, ಅಲ್ಲಿ ಏನಂದೆ ಅವ್ವಾ ಅಂತ.

"ಚಾ ಎಲ್ಲಿ ಸಿಗತೈತಿ ಅಂತ ಕೇಳಿದೆ."

ಹಿಂದಿನ ಸೀಟು ಖಾಲಿ:

ಛೆ, ಅದನ್ನು ನಾನು ಬರೆಯಬೇಕಿತ್ತು. ಹೆಗ್ಗರಣಿಯಲ್ಲಿ ಸಿಗುತ್ತಿತ್ತು ತಂಗಿ.